ಸೇತುವೆಯೊಳಗಿನ ಬಿಗಿತ



ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಿಂದ ಬಸ್ಸು ಹತ್ತಿದವರು ಬೆಂಗಳೂರು ಸೇರುವಷ್ಟರಲ್ಲಿ ಮೂರು ಕಾಲದ ಸೇತುವೆಗಳನ್ನು ಕಂಡಿರುತ್ತಾರೆ. ಮೊದಲು ಹಳ್ಳಕ್ಕೆ ಅಡ್ಡಲಾಗಿ ಕಲ್ಲುಚಪ್ಪಡಿ ಹಾಸಿದ ಹಳೆಯ ಮೋರಿ. ಆಮೇಲೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದ ಸೇತುವೆ. ಕೊನೆಗೆ ಬೆಂಗಳೂರಿನಲ್ಲಿ, ಇಪ್ಪತ್ತೈದು ಮೂವತ್ತು ಮೀಟರಿಗೊಂದು ಕಂಬವಿಟ್ಟು ಮೇಲೆ ರೈಲು ಓಡಿಸುವ ಮೆಟ್ರೊ ದಾರಿ. ಈ ಮೂರನೆಯ ಬಗೆಯ ಸೇತುವೆಯ ಒಳಗೆ ಉಕ್ಕಿನ ಎಳೆಗಳನ್ನು ನೂರಾರು ಟನ್ ಬಲದಿಂದ ಎಳೆದು ಬಿಗಿದಿರುತ್ತಾರೆ. ಆ ಬಿಗಿತ ಹೊರಗೆ ಕಾಣುವುದಿಲ್ಲ. ಆದರೆ ಅದಿಲ್ಲದೆ ಸೇತುವೆ ನಿಲ್ಲುವುದಿಲ್ಲ. ಎಂಜಿನಿಯರುಗಳು ಇದನ್ನು ಪೋಸ್ಟ್ ಟೆನ್ಷನಿಂಗ್ ಎನ್ನುತ್ತಾರೆ. ಸೈಟಿನಲ್ಲಿ ದುಡಿಯುವವರ ಬಾಯಲ್ಲಿ ಅದು ‘ಕೇಬಲ್ ಎಳೆಯೋದು’. ಇವತ್ತು ಅದರ ಬಗ್ಗೆ ನಿಮ್ಮೊಂದಿಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಾನು ಗೌನಿಪಲ್ಲಿ ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತು ಬೆಳೆದ ಗಡಿಸೀಮೆ ನಮ್ಮದು. ಮಾವಿನ ತೋಟವಿದ್ದವರು ತೋಟ ನೋಡಿಕೊಳ್ಳುತ್ತಾರೆ. ಇಲ್ಲದ ಮನೆಗಳ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ಮಾಲೂರು, ನರಸಾಪುರ, ಬೆಂಗಳೂರು ಎಂದು ಕೆಲಸಕ್ಕೆ ಹೊರಡುತ್ತಾರೆ. ಅವರಲ್ಲಿ ಕಟ್ಟಡ ಮತ್ತು ಸೇತುವೆಯ ಕೆಲಸಕ್ಕೆ ಸೇರುವವರು ಬಹಳ. ಅವರಿಗೂ, ಆ ಸೇತುವೆಯ ಮೇಲೆ ದಿನವೂ ಓಡಾಡುವ ನಮಗೂ ಈ ವಿಷಯ ತಿಳಿದಿರಬೇಕು ಎಂಬುದೇ ಈ ಮಾತಿನ ಉದ್ದೇಶ.

ಮೊದಲು ಕಲ್ಲಿನಿಂದಲೇ ಶುರು ಮಾಡೋಣ. ಕೋಲಾರ ಕಲ್ಲಿನ ಸೀಮೆ. ಮನೆಯ ಮಾಳಿಗೆಗೆ ಚಪ್ಪಡಿ, ತೋಟದ ಬೇಲಿಗೆ ಕಲ್ಲುಕಂಬ, ಬಾವಿಯ ಸುತ್ತ ಹಾಸುಗಲ್ಲು. ಚಪ್ಪಡಿ ಹೊದಿಸಿದ ಹಳೆಯ ಮನೆಗಳನ್ನು ಅಳೆದು ನೋಡಿ. ಕೋಣೆಯ ಅಗಲ ಹೆಚ್ಚೆಂದರೆ ಎಂಟು ಹತ್ತು ಅಡಿ ಇರುತ್ತದೆ. ಅದಕ್ಕಿಂತ ಅಗಲ ಬೇಕೆಂದರೆ ನಡುವೆ ಕಂಬ ಕೊಟ್ಟು ತೊಲೆ ಇಡಬೇಕು. ಕೋಲಾರದ ಸೋಮೇಶ್ವರ ದೇವಸ್ಥಾನದ ಮಂಟಪಕ್ಕೆ ಹೋದರೂ ಇದೇ ಕಾಣುತ್ತದೆ. ಆವನಿಯಲ್ಲಿ, ಕುರುಡುಮಲೆಯಲ್ಲಿ ಕೂಡ ಕಂಬಗಳು ಹತ್ತಿರ ಹತ್ತಿರ ನಿಂತಿವೆ. ಕೆತ್ತನೆಯ ಚೆಲುವು ಅವಕ್ಕೆ ಆಮೇಲೆ ಬಂದದ್ದು. ಅಷ್ಟು ಕಂಬಗಳು ಅಲ್ಲಿ ನಿಲ್ಲಲೇಬೇಕಾಗಿದ್ದದ್ದು ಕಲ್ಲಿನ ಗುಣದಿಂದ.

ಆ ಗುಣ ಯಾವುದು? ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎರಡು ಗೋಡೆಗಳ ಮೇಲೆ ಚಪ್ಪಡಿ ಇಟ್ಟು ನಡುವೆ ಭಾರ ಹೇರಿದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಒತ್ತಿಕೊಂಡ ಮೇಲ್ಮೈಗೆ ಏನೂ ಆಗುವುದಿಲ್ಲ. ಹಿಗ್ಗಿದ ಕೆಳಮೈಯಲ್ಲಿ ಸೀಳು ಬೀಳುತ್ತದೆ. ಬಿದ್ದ ಸೀಳು ಕ್ಷಣದಲ್ಲಿ ಮೇಲಕ್ಕೇರಿ ಚಪ್ಪಡಿ ಎರಡಾಗುತ್ತದೆ. ನಮ್ಮ ಹಿರಿಯ ಕಲ್ಲುಕುಟಿಗರು ಯಾವ ಕಾಲೇಜಿಗೂ ಹೋಗದೆ ಇದನ್ನು ಬಲ್ಲವರಾಗಿದ್ದರು. ಅದಕ್ಕೇ ಅವರು ಅಂಕಣವನ್ನು, ಅಂದರೆ ಆಸರೆಗಳ ನಡುವಿನ ಅಂತರವನ್ನು, ಕಿರಿದಾಗಿಟ್ಟರು.

ಕಾಂಕ್ರೀಟ್ ಎಂದರೆ ಜಲ್ಲಿ, ಮರಳು, ಸಿಮೆಂಟು ಸೇರಿಸಿ ನಾವೇ ಎರಕ ಹೊಯ್ದ ಕಲ್ಲು. ಹಾಗಾಗಿ ಕಲ್ಲಿನ ದೋಷವೂ ಅದಕ್ಕೆ ಬಂದಿದೆ. ಒತ್ತಡವನ್ನು ಎಷ್ಟು ತಾಳುತ್ತದೋ ಅದರ ಸುಮಾರು ಹತ್ತರಲ್ಲಿ ಒಂದು ಪಾಲು ಎಳೆತವನ್ನು ಮಾತ್ರ ತಾಳುತ್ತದೆ. ಆದ್ದರಿಂದ ಕೆಳಮೈಯಲ್ಲಿ ಕಬ್ಬಿಣದ ಕಂಬಿ ಇಟ್ಟು, ಎಳೆತವನ್ನು ಕಂಬಿಗೆ ವಹಿಸುವ ಉಪಾಯ ಬಂತು. ನಾವು ಆರ್‌ಸಿಸಿ ಎನ್ನುವುದು ಇದನ್ನೇ. ಮನೆ, ಶಾಲೆ, ಸಣ್ಣ ಸೇತುವೆಗಳಿಗೆ ಇದು ಚೆನ್ನಾಗಿ ಸಾಕು. ಆದರೆ ಇದಕ್ಕೊಂದು ಮಿತಿಯಿದೆ. ಕಂಬಿ ತನ್ನ ಪೂರ್ತಿ ಬಲ ತೋರಬೇಕಾದರೆ ಅದು ಹಿಗ್ಗಬೇಕು. ಅಷ್ಟು ಹಿಗ್ಗುವ ಮೊದಲೇ ಸುತ್ತಲಿನ ಕಾಂಕ್ರೀಟಿನಲ್ಲಿ ಕೂದಲೆಳೆಯ ಬಿರುಕು ಮೂಡಿರುತ್ತದೆ. ಬಿರುಕು ಬಿಟ್ಟ ಭಾಗ ಭಾರ ಹೊರುವುದಿಲ್ಲ, ಆದರೂ ಅದರ ತೂಕವನ್ನು ಸೇತುವೆ ಹೊರಬೇಕು. ಅಂಕಣ ಉದ್ದವಾದಂತೆ ತೊಲೆಯನ್ನು ದಪ್ಪ ಮಾಡಬೇಕು, ದಪ್ಪವಾದಂತೆ ಅದರ ತೂಕವೇ ಹೆಚ್ಚಾಗುತ್ತದೆ. ಒಂದು ಹಂತ ದಾಟಿದರೆ ತೊಲೆಗೆ ತನ್ನನ್ನು ತಾನು ಹೊತ್ತುಕೊಳ್ಳುವುದೇ ಕೆಲಸವಾಗುತ್ತದೆ.

ಇದನ್ನು ಮೀರುವ ದಾರಿ ಒಂದೇ. ಭಾರ ಬಂದ ಮೇಲೆ ಕೆಳಮೈ ಹಿಗ್ಗುವುದು ಖಚಿತವಾದರೆ, ಭಾರ ಬರುವ ಮೊದಲೇ ಅದನ್ನು ಬಲವಾಗಿ ಒತ್ತಿ ಇಟ್ಟುಬಿಡುವುದು. ಆಮೇಲೆ ಲಾರಿ ಬಂದು ಹಿಗ್ಗಿಸಲು ನೋಡಿದರೆ, ಮೊದಲು ಕೊಟ್ಟಿದ್ದ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ. ಎಳೆತ ಎನ್ನುವುದು ಕಾಂಕ್ರೀಟಿನ ಹತ್ತಿರಕ್ಕೇ ಸುಳಿಯುವುದಿಲ್ಲ, ಬಿರುಕೂ ಬೀಳುವುದಿಲ್ಲ.

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಗಾಲಿಗಿಂತ ಕೊಂಚ ಕಿರಿದಾದ ಪಟ್ಟಿಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಹಿಗ್ಗಿದ ಪಟ್ಟಿಯನ್ನು ಇಕ್ಕುಳದಲ್ಲಿ ಹಿಡಿದು ಗಾಲಿಗೆ ತೊಡಿಸಿ, ಕೂಡಲೇ ನೀರು ಹೊಯ್ಯುತ್ತಾರೆ. ಪಟ್ಟಿ ಕುಗ್ಗಿ, ಮರದ ತುಂಡುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಕಿರ್ ಎನ್ನುತ್ತವೆ. ಅಲ್ಲಿಯವರೆಗೆ ಬಿಡಿಬಿಡಿಯಾಗಿದ್ದ ಮರ ಆಗ ಗಾಲಿಯಾಗುತ್ತದೆ. ಪಟ್ಟಿ ಸದಾ ಎಳೆತದಲ್ಲಿ, ಮರ ಸದಾ ಒತ್ತಡದಲ್ಲಿ. ಮೊದಲೇ ಒತ್ತಿಟ್ಟ ಕಾಂಕ್ರೀಟಿನ, ಅಂದರೆ ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ, ತತ್ತ್ವ ಪೂರ್ತಿಯಾಗಿ ಇಷ್ಟೇ.

ತತ್ತ್ವ ಸುಲಭ. ಆದರೆ ಅದನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಲು ಲೋಕಕ್ಕೆ ನಲವತ್ತು ವರ್ಷ ಹಿಡಿಯಿತು. 1886ರ ಸುಮಾರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಿ.ಎಚ್. ಜಾಕ್ಸನ್ ಎಂಬವರು ಕಲ್ಲು ಮತ್ತು ಕಾಂಕ್ರೀಟ್ ತುಂಡುಗಳನ್ನು ಕಬ್ಬಿಣದ ಸರಳಿನಿಂದ ಬಿಗಿಯುವ ವಿಧಾನಕ್ಕೆ ಪೇಟೆಂಟ್ ಹಕ್ಕು ಪಡೆದಿದ್ದರು. ಜರ್ಮನಿಯಲ್ಲೂ ಪ್ರಯತ್ನಗಳು ನಡೆದವು. ಎಲ್ಲರಿಗೂ ಒಂದೇ ಅನುಭವವಾಯಿತು. ಬಿಗಿದಾಗ ಚೆನ್ನಾಗಿರುತ್ತಿತ್ತು, ಕೆಲವು ತಿಂಗಳಲ್ಲಿ ಬಿಗಿತವೆಲ್ಲ ಮಾಯವಾಗುತ್ತಿತ್ತು. ಯಾಕೆ ಎಂಬುದು ಬಹುಕಾಲ ಪೂರ್ತಿಯಾಗಿ ಹೊಳೆಯಲಿಲ್ಲ.

ಹೊಳೆದದ್ದು ಫ್ರಾನ್ಸಿನ ಯೂಜೀನ್ ಫ್ರೇಸಿನೆ ಎಂಬ ಎಂಜಿನಿಯರಿಗೆ. 1879ರಲ್ಲಿ ಹುಟ್ಟಿದ ಅವರು 1910ರ ದಶಕದ ಆರಂಭದಲ್ಲಿ ಆಲಿಯೆ ನದಿಗೆ ಲ ವೆರ್ದ್ರ್ ಎಂಬಲ್ಲಿ ಕಾಂಕ್ರೀಟಿನ ಕಮಾನು ಸೇತುವೆ ಕಟ್ಟಿದ್ದರು. ಸೇತುವೆ ತೆರೆದ ಕೆಲವು ತಿಂಗಳಲ್ಲಿ ಕಮಾನಿನ ನೆತ್ತಿ ಮೆಲ್ಲಮೆಲ್ಲನೆ ಕೆಳಗಿಳಿಯತೊಡಗಿತು. ಅವರು ಕಮಾನಿನ ನೆತ್ತಿಗೆ ಜಾಕ್ ಕೊಟ್ಟು ಮತ್ತೆ ಮೇಲೆತ್ತಿ ಸೇತುವೆಯನ್ನು ಉಳಿಸಿಕೊಂಡರು. ಆದರೆ ಅದು ಇಳಿದದ್ದೇಕೆ ಎಂಬ ಪ್ರಶ್ನೆಯನ್ನು ವರ್ಷಗಟ್ಟಲೆ ಬಿಡಲಿಲ್ಲ. ಕಾಂಕ್ರೀಟು ಒಣಗಿದಂತೆ ಕುಗ್ಗುತ್ತದೆ. ಅದರ ಜೊತೆಗೆ, ಸದಾ ಒತ್ತಡದಲ್ಲಿಟ್ಟರೆ ವರ್ಷಗಳ ಕಾಲ ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಈ ಎರಡನೆಯ ಗುಣವನ್ನು ಎಂಜಿನಿಯರುಗಳು ಕ್ರೀಪ್ ಎನ್ನುತ್ತಾರೆ.

ಇಲ್ಲಿ ಸಣ್ಣದೊಂದು ಲೆಕ್ಕವಿದೆ, ದಯವಿಟ್ಟು ಗಮನಿಸಿ. ಹತ್ತು ಮೀಟರ್ ಉದ್ದದ ತೊಲೆಯೊಂದು ಕಾಲಕ್ರಮದಲ್ಲಿ ಸುಮಾರು 6ರಿಂದ 8 ಮಿಲಿಮೀಟರ್ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಹಳೆಯ ಕಾಲದ ಮೆತು ಕಬ್ಬಿಣವನ್ನು ಅದು ತಾಳುವಷ್ಟು ಎಳೆದರೆ ಹತ್ತು ಮೀಟರಿಗೆ ಹಿಗ್ಗುತ್ತಿದ್ದುದು ಸುಮಾರು 7 ಮಿಲಿಮೀಟರ್. ತೊಲೆ ಅಷ್ಟೇ ಕುಗ್ಗಿದರೆ ಕಬ್ಬಿಣ ಸಡಿಲಾಯಿತು, ಬಿಗಿತ ಸೊನ್ನೆಯಾಯಿತು. ಜಾಕ್ಸನ್ ಮತ್ತು ಅವರ ಕಾಲದವರು ಸೋತದ್ದು ಇಲ್ಲಿ. ಫ್ರೇಸಿನೆ ಹೇಳಿದ್ದು ಹೀಗೆ: ಕಾಂಕ್ರೀಟು ಕುಗ್ಗುವುದನ್ನು ತಡೆಯಲಾಗದು, ಹಾಗಾದರೆ ಬಹಳ ಹೆಚ್ಚು ಹಿಗ್ಗಿಸಬಹುದಾದ ಗಟ್ಟಿ ಉಕ್ಕನ್ನು ಬಳಸಿ. ಈಗ ನಾವು ಬಳಸುವ ಉಕ್ಕಿನ ಎಳೆಯನ್ನು ಹತ್ತು ಮೀಟರಿಗೆ ಸುಮಾರು 70 ಮಿಲಿಮೀಟರ್ ಹಿಗ್ಗಿಸುತ್ತೇವೆ. ಅದರಲ್ಲಿ 8 ಮಿಲಿಮೀಟರ್ ಕಳೆದುಹೋದರೂ ಅರವತ್ತಕ್ಕಿಂತ ಹೆಚ್ಚು ಉಳಿಯಿತು. 1928ರ ಅಕ್ಟೋಬರಿನಲ್ಲಿ ಫ್ರೇಸಿನೆ ಈ ವಿಧಾನಕ್ಕೆ ಪೇಟೆಂಟ್ ಪಡೆದರು. 1939ರಲ್ಲಿ ಎಳೆಗಳನ್ನು ಹಿಡಿದಿಡುವ ಶಂಕುವಿನಾಕಾರದ ಆಂಕರನ್ನೂ, ಎಳೆಯುವ ಜಾಕನ್ನೂ ರೂಪಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಮಾರ್ನ್ ನದಿಯ ಮೇಲೆ ಲುಜಾನ್ಸಿಯಲ್ಲಿ 55 ಮೀಟರ್ ಅಂಕಣದ ಸೇತುವೆ ತೆರೆಯಿತು. ಯುದ್ಧದಲ್ಲಿ ಸೇತುವೆಗಳನ್ನು ಕಳೆದುಕೊಂಡು ಉಕ್ಕಿಗೂ ಬರ ಬಂದಿದ್ದ ಯುರೋಪಿಗೆ ಇದು ಸಕಾಲದಲ್ಲಿ ಒದಗಿದ ವಿದ್ಯೆಯಾಯಿತು.

ಉಕ್ಕನ್ನು ಎಳೆಯುವುದರಲ್ಲಿ ಎರಡು ಕ್ರಮಗಳಿವೆ. ಮೊದಲನೆಯದು, ಉಕ್ಕನ್ನು ಮೊದಲು ಎಳೆದು ಹಿಡಿದು, ಅದರ ಸುತ್ತ ಕಾಂಕ್ರೀಟ್ ಸುರಿಯುವುದು. ಕಾಂಕ್ರೀಟು ಗಟ್ಟಿಯಾದ ಮೇಲೆ ಹಿಡಿತ ಬಿಟ್ಟರೆ, ತಂತಿ ಹಿಂದಕ್ಕೆ ಸರಿಯಲು ನೋಡಿ ಕಾಂಕ್ರೀಟನ್ನು ಒತ್ತುತ್ತದೆ. ಇದು ಪ್ರಿ ಟೆನ್ಷನಿಂಗ್. ಇದರ ಉದಾಹರಣೆ ಗೌನಿಪಲ್ಲಿಯಲ್ಲೇ ಇದೆ. ಹೊಲದ ಬದುವಿನಲ್ಲಿ ಸಾಲಾಗಿ ನಿಂತ ಸಿಮೆಂಟಿನ ಕರೆಂಟು ಕಂಬಗಳೆಲ್ಲ ಹೀಗೆ ಯಾರ್ಡಿನಲ್ಲಿ ತಂತಿ ಎಳೆದು ಎರಕ ಹೊಯ್ದವು. ಶ್ರೀನಿವಾಸಪುರದ ಸ್ಟೇಷನ್ನಿಗೆ ಹೋದರೆ ಹಳಿಯ ಕೆಳಗಿರುವ ಕಾಂಕ್ರೀಟ್ ಸ್ಲೀಪರುಗಳೂ ಅದೇ ಜಾತಿಯವು. ಹಿಂದೆ ನ್ಯಾರೋಗೇಜ್ ಇದ್ದ ಕೋಲಾರ–ಚಿಕ್ಕಬಳ್ಳಾಪುರ ದಾರಿ ಬ್ರಾಡ್‌ಗೇಜ್ ಆಗಿ 2013ರಲ್ಲಿ ಮತ್ತೆ ತೆರೆದಾಗ ಆ ಸ್ಲೀಪರುಗಳು ನಮ್ಮ ತಾಲ್ಲೂಕಿಗೆ ಬಂದವು.

ಎರಡನೆಯ ಕ್ರಮವೇ ನಮ್ಮ ಇವತ್ತಿನ ವಿಷಯ. ಮೊದಲು ಕಾಂಕ್ರೀಟ್ ಸುರಿದು, ಅದು ಗಟ್ಟಿಯಾದ ಮೇಲೆ ಉಕ್ಕನ್ನು ಎಳೆಯುವುದು. ಅದಕ್ಕೇ ಇದಕ್ಕೆ ಪೋಸ್ಟ್ ಟೆನ್ಷನಿಂಗ್ ಎಂದು ಹೆಸರು. ಕಾರ್ಖಾನೆಯಿಂದ ಹೊತ್ತು ತರಲಾಗದಷ್ಟು ದೊಡ್ಡ ತೊಲೆಗಳಿಗೆ, ಸ್ಥಳದಲ್ಲೇ ಎರಕ ಹೊಯ್ಯುವ ಸೇತುವೆಗಳಿಗೆ, ತುಂಡು ತುಂಡಾಗಿ ತಂದು ಜೋಡಿಸುವ ಮೆಟ್ರೊ ದಾರಿಗೆ ಇದೇ ಬೇಕು. ಕೆಲಸ ಹೇಗೆ ನಡೆಯುತ್ತದೆ ಎಂದು ಹಂತ ಹಂತವಾಗಿ ಹೇಳುತ್ತೇನೆ.

ಕಂಬಿ ಕಟ್ಟುವಾಗಲೇ ತೊಲೆಯ ಉದ್ದಕ್ಕೂ ಸುಕ್ಕುಸುಕ್ಕಾದ ಕೊಳವೆಗಳನ್ನು ಇಡುತ್ತಾರೆ. ಸೈಟಿನಲ್ಲಿ ಇದನ್ನು ಶೀತಿಂಗ್ ಪೈಪು ಎನ್ನುತ್ತಾರೆ. ತಗಡಿನದೂ ಉಂಟು, ಗಟ್ಟಿ ಪ್ಲಾಸ್ಟಿಕ್ಕಿನದೂ ಉಂಟು. ಕೊಳವೆ ನೇರವಾಗಿರುವುದಿಲ್ಲ. ಎರಡು ತುದಿಯಲ್ಲಿ ಮೇಲಕ್ಕಿದ್ದು ನಡುವೆ ಕೆಳಕ್ಕೆ ಇಳಿದಿರುತ್ತದೆ, ಯಾಕೆಂದರೆ ನಡು ಅಂಕಣದ ಕೆಳಮೈಗೇ ಒತ್ತಡ ಹೆಚ್ಚು ಬೇಕು. ಹೀಗೆ ಬಾಗಿಸಿಟ್ಟ ಕೇಬಲನ್ನು ಎಳೆದಾಗ ಅದು ನೇರವಾಗಲು ನೋಡಿ ತೊಲೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ತೊಲೆಯ ಸ್ವಂತ ತೂಕದ ಬಹುಪಾಲನ್ನು ಕೇಬಲ್ಲೇ ಎತ್ತಿ ಹಿಡಿದಂತಾಯಿತು. ಈ ಕಾರಣದಿಂದ ಕೊಳವೆಯ ಎತ್ತರವನ್ನು ಮೀಟರಿಗೊಮ್ಮೆ ಅಳೆದು ಬಿಗಿಯಾಗಿ ಕಟ್ಟಬೇಕು. ಕಾಂಕ್ರೀಟ್ ಸುರಿಯುವಾಗ ವೈಬ್ರೇಟರ್ ತಗುಲಿ ಕೊಳವೆ ಒಡೆದರೆ ಸಿಮೆಂಟು ಹಾಲು ಒಳಗೆ ಇಳಿದು ಗಟ್ಟಿಯಾಗಿ ದಾರಿಯೇ ಮುಚ್ಚಿಹೋಗುತ್ತದೆ.

ಕಾಂಕ್ರೀಟು ನಿಗದಿಯಾದ ಬಲ ಪಡೆದಿದೆ ಎಂದು ಅದೇ ಕಾಂಕ್ರೀಟಿನ ಕ್ಯೂಬ್ ಒಡೆದು ನೋಡಿ ಖಾತ್ರಿಯಾದ ಮೇಲೆ ಸ್ಟ್ರ್ಯಾಂಡ್‌ಗಳನ್ನು ಕೊಳವೆಯೊಳಗೆ ತೂರಿಸುತ್ತಾರೆ. ಒಂದು ಸ್ಟ್ರ್ಯಾಂಡ್ ಎಂದರೆ ಏಳು ತಂತಿಗಳ ಹುರಿ. ನಡುವೆ ಒಂದು, ಸುತ್ತ ಆರು. ಸಾಮಾನ್ಯವಾಗಿ ಸೇತುವೆಗೆ ಬಳಸುವ 15.2 ಮಿಲಿಮೀಟರ್ ಸ್ಟ್ರ್ಯಾಂಡ್ ನಮ್ಮ ಕಿರುಬೆರಳಿನಷ್ಟು ದಪ್ಪ. ಅದು ಕಡಿಯಬೇಕಾದರೆ ಸುಮಾರು 26 ಟನ್ ಬಲ ಬೇಕು. ಮನೆಗೆ ಹಾಕುವ ಕಂಬಿಯ ಉಕ್ಕು ಚದರ ಮಿಲಿಮೀಟರಿಗೆ 500 ನ್ಯೂಟನ್ ಲೆಕ್ಕದ್ದಾದರೆ, ಇದು 1860 ನ್ಯೂಟನ್ ಲೆಕ್ಕದ್ದು. ಹನ್ನೆರಡು ಸ್ಟ್ರ್ಯಾಂಡ್ ಸೇರಿಸಿ ಒಂದು ಕೇಬಲ್ ಮಾಡಿ ಎಳೆದರೆ, ಒಂದೊಂದಕ್ಕೆ 20 ಟನ್ನಿನಂತೆ ಸುಮಾರು 240 ಟನ್ ಬಲ ತೊಲೆಯ ತುದಿಯನ್ನು ಒತ್ತುತ್ತದೆ. ಒಂದು ತೊಲೆಯಲ್ಲಿ ಇಂಥ ಹಲವು ಕೇಬಲ್ಲುಗಳಿರುತ್ತವೆ.

ಎಳೆಯುವುದು ಹೈಡ್ರಾಲಿಕ್ ಜಾಕ್. ಆಂಕರಿನ ಒಂದೊಂದು ತೂತಿನಲ್ಲೂ ಸ್ಟ್ರ್ಯಾಂಡನ್ನು ಕಚ್ಚಿ ಹಿಡಿಯುವ ಹಲ್ಲುಳ್ಳ ಬೆಣೆಗಳಿರುತ್ತವೆ, ಅವಕ್ಕೆ ವೆಡ್ಜ್ ಎನ್ನುತ್ತಾರೆ. ಜಾಕ್ ಎಳೆದು ಬಿಟ್ಟೊಡನೆ ಸ್ಟ್ರ್ಯಾಂಡ್ ಹಿಂದಕ್ಕೆ ಸರಿಯಲು ನೋಡುತ್ತದೆ, ಸರಿದಷ್ಟೂ ಬೆಣೆ ಬಿಗಿಯಾಗುತ್ತದೆ. ಈ ಹೊತ್ತಿನಲ್ಲಿ ಎರಡು ಸಂಖ್ಯೆಗಳನ್ನು ನೋಡಿ ಬರೆದುಕೊಳ್ಳಬೇಕು. ಗೇಜಿನಲ್ಲಿ ಕಾಣುವ ಒತ್ತಡ ಒಂದು, ಕೇಬಲ್ ಎಷ್ಟು ಹಿಗ್ಗಿತು ಎಂಬುದು ಇನ್ನೊಂದು. ಮೂವತ್ತು ಮೀಟರಿನ ಕೇಬಲ್ ಸುಮಾರು 20 ಸೆಂಟಿಮೀಟರ್ ಹಿಗ್ಗಬೇಕು. ಗೇಜಿನಲ್ಲಿ ಒತ್ತಡ ಪೂರ್ತಿ ತೋರಿಸುತ್ತಿದ್ದು ಕೇಬಲ್ ಮಾತ್ರ ಹಿಗ್ಗದಿದ್ದರೆ ಒಳಗೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಲೆಕ್ಕಕ್ಕಿಂತ ಹೆಚ್ಚು ಹಿಗ್ಗಿದರೆ ಬೆಣೆ ಜಾರಿರಬಹುದು, ತಂತಿ ಕಡಿದಿರಬಹುದು. ಎರಡೂ ಸಂಖ್ಯೆ ಒಂದನ್ನೊಂದು ಒಪ್ಪಿದಾಗ ಮಾತ್ರ ಮುಂದಿನ ಕೆಲಸ. ಎಳೆಯುವಾಗ ಜಾಕಿನ ಹಿಂದೆ ಯಾರೂ ನಿಲ್ಲಬಾರದು. ಸ್ಟ್ರ್ಯಾಂಡ್ ಕಡಿದರೆ ಅಥವಾ ಬೆಣೆ ಸಿಡಿದರೆ ಅದು ಗುಂಡಿನಂತೆ ಬರುತ್ತದೆ. ಈ ಕೆಲಸಕ್ಕೆ ಸೇರುವ ನಮ್ಮ ಹುಡುಗರಿಗೆ ಮೊದಲ ದಿನವೇ ಹೇಳಬೇಕಾದ ಮಾತು ಇದು.

ಕೇಬಲ್ ಎಳೆದ ಮೇಲೆ ಉಳಿಯುವುದು ಗ್ರೌಟಿಂಗ್. ಕೊಳವೆಯೊಳಗೆ ಉಕ್ಕಿನ ಸುತ್ತ ಉಳಿದ ಖಾಲಿ ಜಾಗಕ್ಕೆ ಸಿಮೆಂಟಿನ ತಿಳಿಗಾರೆಯನ್ನು ಪಂಪಿನಿಂದ ತುಂಬುವುದು. ಜಾಕ್ ಎಳೆಯುವಾಗ ದೊಡ್ಡ ಸಾಹೇಬರೆಲ್ಲ ಬಂದು ನಿಂತಿರುತ್ತಾರೆ. ಗ್ರೌಟಿಂಗ್ ಹೊತ್ತಿಗೆ ಎಲ್ಲರೂ ಹೊರಟುಹೋಗಿರುತ್ತಾರೆ. ಆದರೆ ಸೇತುವೆಯ ಆಯುಷ್ಯ ನಿರ್ಧಾರವಾಗುವುದು ಇಲ್ಲಿ. ಇದನ್ನು ಹೇಳುವುದಕ್ಕೇ ನಾನು ಇಲ್ಲಿಯವರೆಗೆ ಬಂದದ್ದು.

ಗ್ರೌಟ್ ಎರಡು ಕೆಲಸ ಮಾಡುತ್ತದೆ. ಕೇಬಲನ್ನು ಅದರ ಉದ್ದಕ್ಕೂ ಕಾಂಕ್ರೀಟಿಗೆ ಅಂಟಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಿಮೆಂಟಿನಲ್ಲಿರುವ ಕ್ಷಾರಗುಣ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಸಾಧಾರಣ ಕಂಬಿಗೆ ತುಕ್ಕು ಹಿಡಿದರೆ ಅದು ಉಬ್ಬಿ, ಹೊರಗಿನ ಕಾಂಕ್ರೀಟು ಚಕ್ಕೆ ಎದ್ದು, ನೋಡಿದವರಿಗೆ ತಿಳಿಯುತ್ತದೆ. ಸ್ಟ್ರ್ಯಾಂಡಿನ ಒಂದೊಂದು ತಂತಿಯೂ ಸುಮಾರು 5 ಮಿಲಿಮೀಟರ್ ದಪ್ಪದ್ದು, ಸದಾ ಭಾರೀ ಎಳೆತದಲ್ಲಿರುವಂಥದ್ದು. ಅದರ ಮೇಲೆ ಸಣ್ಣ ಗುಳಿಯಷ್ಟು ತುಕ್ಕು ಬಿದ್ದರೂ ಅಲ್ಲಿಂದಲೇ ಸೀಳಿ ಕಡಿಯಬಹುದು. ಅದು ಕೊಳವೆಯೊಳಗೆ ಇರುವುದರಿಂದ ಹೊರಗಿನವರಿಗೆ ಸುಳಿವೇ ಸಿಗುವುದಿಲ್ಲ.

ಹಾಗಾಗಿ ಗ್ರೌಟಿಂಗಿನಲ್ಲಿ ಉದಾಸೀನ ಸಲ್ಲದು. 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ ಸುಮಾರು 20ರಿಂದ 22 ಲೀಟರ್ ನೀರು, ಅದಕ್ಕಿಂತ ಹೆಚ್ಚಲ್ಲ. ಪಂಪು ಸಲೀಸಾಗಿ ಓಡಲಿ ಎಂದು ಯಾರಾದರೂ ಎರಡು ಬಕೆಟ್ ನೀರು ಹೆಚ್ಚು ಸುರಿದರೆ, ಸಿಮೆಂಟು ಕೆಳಗೆ ಕೂತು ನೀರು ಮೇಲೆ ನಿಲ್ಲುತ್ತದೆ. ಆ ನೀರು ಆಮೇಲೆ ಇಂಗಿ ಅಲ್ಲಿ ಟೊಳ್ಳು ಉಳಿಯುತ್ತದೆ. ಟೊಳ್ಳು ಉಳಿಯುವುದು ಕೊಳವೆಯ ಎತ್ತರದ ಜಾಗಗಳಲ್ಲಿ ಮತ್ತು ಆಂಕರಿನ ಬಳಿಯಲ್ಲಿ. ಮಳೆನೀರು ಇಳಿಯುವುದೂ ಅಲ್ಲಿಗೇ. ಎತ್ತರದ ಜಾಗಗಳಲ್ಲೆಲ್ಲ ಗಾಳಿಕೊಳವೆ ಇಟ್ಟು, ಅದರಿಂದ ಹಾಕಿದಷ್ಟೇ ಗಟ್ಟಿ ಗ್ರೌಟು ಹೊರಬರುವವರೆಗೆ ಪಂಪು ಮಾಡಿ, ಆಮೇಲೆ ಮುಚ್ಚಿ, ಒತ್ತಡದಲ್ಲಿ ಕೊಂಚ ಹೊತ್ತು ಹಿಡಿಯಬೇಕು. ಇದೆಲ್ಲ ಕೇಬಲ್ ಎಳೆದ ಮೇಲೆ ಆದಷ್ಟು ಬೇಗ ಮುಗಿಯಬೇಕು.

ಕೇಬಲ್ಲಿಗೆ ನೀರು ತಗುಲಿದರೆ ಏನಾಗುತ್ತದೆ ಎಂಬುದಕ್ಕೆ ಲೋಕವೆಲ್ಲ ನೆನಪಿಟ್ಟಿರುವ ಒಂದು ಉದಾಹರಣೆಯಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಇನಿಸ್ ಅ ಗ್ವಾಸ್ ಎಂಬ ಸಣ್ಣ ಸೇತುವೆ, 1953ರಲ್ಲಿ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಕೇಬಲ್ ಎಳೆದು ಕಟ್ಟಿದ್ದು. 1985ರ ಡಿಸೆಂಬರ್ 4ರಂದು, ಮೇಲೆ ಯಾವ ದೊಡ್ಡ ಭಾರವೂ ಇಲ್ಲದಾಗ, ತನ್ನ ತೂಕಕ್ಕೇ ಕುಸಿದು ಬಿತ್ತು. ತುಂಡುಗಳ ನಡುವಿನ ಗಾರೆಯ ಬೆಸುಗೆಯಲ್ಲಿ ಉಪ್ಪುನೀರು ಇಳಿದು ಕೇಬಲ್ಲುಗಳು ತುಕ್ಕು ತಿಂದಿದ್ದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದಾದ ಮೇಲೆ 1992ರಲ್ಲಿ ಬ್ರಿಟನ್ ಸರ್ಕಾರ ಗ್ರೌಟ್ ತುಂಬುವ ಬಗೆಯ ಹೊಸ ಪೋಸ್ಟ್ ಟೆನ್ಷನ್ ಸೇತುವೆಗಳನ್ನು ಕಟ್ಟುವುದನ್ನೇ ನಿಲ್ಲಿಸಿತು. ಕ್ರಮಗಳನ್ನು ಬಿಗಿ ಮಾಡಿದ ಮೇಲೆ, 1996ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು.

ನಮ್ಮ ನಾಡಿನ ಕಥೆಗೆ ಬರೋಣ. ಭಾರತದಲ್ಲಿ ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನಲ್ಲಿ ಕಟ್ಟಿದ ಮೊದಮೊದಲ ರಸ್ತೆ ಸೇತುವೆಗಳಲ್ಲಿ ಒಂದು 1954ರದ್ದು, ತಮಿಳುನಾಡಿನ ಚೆಂಗಲ್ಪಟ್ಟಿನ ಬಳಿ ಪಾಲಾರ್ ನದಿಯ ಮೇಲೆ ನಿಂತಿತು. ಪಾಲಾರ್ ನಮ್ಮ ನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸಿ, ಬೇತಮಂಗಲದ ಮೂಲಕ ಆಂಧ್ರ ದಾಟಿ ತಮಿಳುನಾಡಿಗೆ ಇಳಿಯುತ್ತದೆ. ನಮ್ಮಲ್ಲಿ ಅದು ಕೆರೆಯಿಂದ ಕೆರೆಗೆ ಹರಿಯುವ ಹೊಳೆ, ಚೆಂಗಲ್ಪಟ್ಟಿನಲ್ಲಿ ಅಗಲವಾದ ಮರಳಿನ ನದಿ. ಅಂಥ ಪಾತ್ರಕ್ಕೆ ಉದ್ದ ಅಂಕಣದ ತೊಲೆ ಬೇಕಾಗಿತ್ತು, ಹೊಸ ವಿದ್ಯೆ ಅದನ್ನು ಕೊಟ್ಟಿತು. 1960ರಲ್ಲಿ ಭಾರತೀಯ ಮಾನಕ ಸಂಸ್ಥೆ ಈ ಬಗೆಯ ಕಾಂಕ್ರೀಟಿಗೆಂದೇ ಐಎಸ್ 1343 ಎಂಬ ನಿಯಮಾವಳಿ ತಂದಿತು. ಮುಂದೆ 1980ರಲ್ಲಿ ಮತ್ತು 2012ರಲ್ಲಿ ಅದನ್ನು ಪರಿಷ್ಕರಿಸಿತು. ಬೆಂಗಳೂರಿನ ಎಂ.ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದ ಎನ್. ಕೃಷ್ಣರಾಜು ಅವರು ಬರೆದ ಪಠ್ಯಪುಸ್ತಕವನ್ನು ದೇಶದ ಎಷ್ಟೋ ಸಿವಿಲ್ ವಿದ್ಯಾರ್ಥಿಗಳು ಓದಿ ಈ ವಿದ್ಯೆ ಕಲಿತಿದ್ದಾರೆ.

ಬೆಂಗಳೂರಿನಲ್ಲಿ ಇದು ದೊಡ್ಡದಾಗಿ ಕಾಣಿಸಿಕೊಂಡದ್ದು ಈ ಶತಮಾನದಲ್ಲಿ. 2010ರ ಜನವರಿಯಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಸುಮಾರು 10 ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡತೊಡಗಿದ ನಮ್ಮ ಮೆಟ್ರೊ. ಮೆಟ್ರೊ ಕಟ್ಟುವಾಗ ರಸ್ತೆಯ ನಡುವೆ ಸೆಂಟ್ರಿಂಗ್ ಹೊಡೆದು ತಿಂಗಳುಗಟ್ಟಲೆ ದಾರಿ ಮುಚ್ಚುವಂತಿರಲಿಲ್ಲ. ಅದಕ್ಕೆ ದೂರದ ಯಾರ್ಡಿನಲ್ಲಿ ಪೆಟ್ಟಿಗೆಯಾಕಾರದ ಸೆಗ್ಮೆಂಟುಗಳನ್ನು ಎರಕ ಹೊಯ್ದರು. ಒಂದು ಸೆಗ್ಮೆಂಟಿನ ಪಕ್ಕೆಗೆ ತಾಗಿಸಿಯೇ ಮುಂದಿನದನ್ನು ಎರಕ ಹೊಯ್ಯುವುದರಿಂದ ಎರಡೂ ಕೂದಲೆಳೆಯ ಸಂದೂ ಇಲ್ಲದೆ ಕೂರುತ್ತವೆ. ರಾತ್ರಿ ಹೊತ್ತು ಅವನ್ನು ಟ್ರೇಲರಿನಲ್ಲಿ ತಂದು, ಎರಡು ಕಂಬಗಳ ನಡುವೆ ಚಾಚಿದ ಲಾಂಚಿಂಗ್ ಗರ್ಡರಿಗೆ ತೂಗುಹಾಕಿ, ಮುಖಕ್ಕೆ ಎಪಾಕ್ಸಿ ಬಳಿದು ಒಂದಕ್ಕೊಂದು ಸೇರಿಸಿ, ಈ ತುದಿಯಿಂದ ಆ ತುದಿಗೆ ಕೇಬಲ್ ತೂರಿಸಿ ಎಳೆದರು. ಅಲ್ಲಿಯವರೆಗೆ ತೂಗಾಡುತ್ತಿದ್ದ ಬಿಡಿ ತುಂಡುಗಳು ಆಗ ಒಂದು ಅಂಕಣವಾಗಿ ಕಂಬದ ಮೇಲೆ ಕೂತವು. ಒಂದು ಸೆಗ್ಮೆಂಟಿನಿಂದ ಇನ್ನೊಂದಕ್ಕೆ ದಾಟುವ ಕಂಬಿ ಅಲ್ಲಿಲ್ಲ, ಇರುವುದು ಕೇಬಲ್ಲಿನ ಬಿಗಿತ.

ಇದೇ ಬಗೆಯಲ್ಲಿ ಕಟ್ಟಿದ ಪೀಣ್ಯದ ಮೇಲ್ಸೇತುವೆ ನಮಗೆ ಕಲಿಸಿದ ಪಾಠವನ್ನು ಹೇಳಲೇಬೇಕು. ತುಮಕೂರು ರಸ್ತೆಯ ಮೇಲೆ ನಾಲ್ಕು ಕಿಲೋಮೀಟರಿಗಿಂತ ಉದ್ದಕ್ಕೆ ಹಬ್ಬಿರುವ ಈ ಸೇತುವೆಯ 102, 103ನೆಯ ಕಂಬಗಳ ಬಳಿ ಕೇಬಲ್ಲುಗಳು ತುಕ್ಕಿನಿಂದ ದುರ್ಬಲವಾಗಿರುವುದು ಪತ್ತೆಯಾಗಿ, 2021ರ ಡಿಸೆಂಬರ್ 25ರಿಂದ ಅದನ್ನು ಮುಚ್ಚಿದರು. ಸೇತುವೆಗೆ ಆಗ ವಯಸ್ಸು ಹನ್ನೆರಡೂ ತುಂಬಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಪರೀಕ್ಷೆ ಮಾಡಿದರು. 2022ರ ಫೆಬ್ರವರಿಯಲ್ಲಿ ಕಾರು, ಬೈಕಿನಂಥ ಹಗುರ ವಾಹನಗಳಿಗೆ ಮಾತ್ರ ಬಿಟ್ಟರು. ಲಾರಿ, ಬಸ್ಸುಗಳು ಕೆಳಗಿನ ರಸ್ತೆಯಲ್ಲೇ ನಿಂತು ನಿಂತು ಸಾಗಿದವು. ಮುಂದಿನ ಅಗತ್ಯಕ್ಕೆಂದು ಬಿಟ್ಟಿದ್ದ ಕೊಳವೆಗಳಲ್ಲಿ, 120 ಅಂಕಣಗಳಿಗೆ ಎರಡೆರಡರಂತೆ 240 ಹೊಸ ಕೇಬಲ್ಲುಗಳನ್ನು ಎಳೆದು, ಭಾರ ಹೇರಿ ಪರೀಕ್ಷಿಸಿದ ಮೇಲೆ, 2024ರ ಜುಲೈ ಕೊನೆಯಲ್ಲಿ ಭಾರೀ ವಾಹನಗಳಿಗೆ ಮತ್ತೆ ದಾರಿ ಸಿಕ್ಕಿತು. ಅದೂ ವಾರದಲ್ಲಿ ಶುಕ್ರವಾರವೊಂದನ್ನು ಬಿಟ್ಟು.

ಇದರಲ್ಲಿ ಎರಡು ಪಾಠಗಳಿವೆ. ಕಾಣದ ಕೇಬಲ್ಲಿಗೆ ತುಕ್ಕು ಹಿಡಿದರೆ ಎರಡೂವರೆ ವರ್ಷ ಒಂದು ಊರಿನ ದೊಡ್ಡ ದಾರಿ ಕುಂಟುತ್ತದೆ ಎಂಬುದು ಒಂದು. ಕಟ್ಟುವಾಗ ಯಾರೋ ದೂರ ಯೋಚಿಸಿ ಅಂಕಣಕ್ಕೆ ಎರಡು ಖಾಲಿ ಕೊಳವೆ ಬಿಟ್ಟಿದ್ದರಿಂದ ಸೇತುವೆಯನ್ನು ಕೆಡವದೆ ಬಲಪಡಿಸಲು ಆಯಿತು ಎಂಬುದು ಇನ್ನೊಂದು. ತಪ್ಪಾದದ್ದನ್ನು ಹೇಗೆ ಗಟ್ಟಿಯಾಗಿ ಹೇಳಬೇಕೋ, ಆ ಮುಂದಾಲೋಚನೆಯನ್ನೂ ಹಾಗೆಯೇ ಹೇಳಬೇಕು.

ಈಗ, ಈ ಮಾತು ಕೇಳುತ್ತಿರುವ ನಮ್ಮ ಊರಿನವರಿಗೆ ಕೆಲವು ಕಿವಿಮಾತು. ಬೆಂಗಳೂರಿನ ದೊಡ್ಡ ಆಫೀಸು, ಮಾಲ್, ಪಾರ್ಕಿಂಗ್ ಕಟ್ಟಡಗಳ ಸ್ಲಾಬುಗಳಲ್ಲೂ ಈಗ ಕೇಬಲ್ ಎಳೆಯುತ್ತಾರೆ. ಕಂಬಗಳು ದೂರ ದೂರ ಇರಬಹುದು, ಸ್ಲಾಬು ತೆಳುವಾಗುತ್ತದೆ. ಅಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ಎಸಿ ಕೆಲಸಕ್ಕೆ ಹೋಗುವ ತಮ್ಮಂದಿರೇ, ಡ್ರಿಲ್ ಹಿಡಿಯುವ ಮೊದಲು ಇದು ಪಿಟಿ ಸ್ಲಾಬೋ, ಅಂದರೆ ಪೋಸ್ಟ್ ಟೆನ್ಷನ್ ಸ್ಲಾಬೋ, ಎಂದು ಕೇಳಿ. ಹೌದು ಎಂದರೆ ಕೇಬಲ್ ಎಲ್ಲಿ ಹಾದಿದೆ ಎಂಬ ನಕ್ಷೆ ನೋಡದೆ, ಮೆಷಿನ್ನಿನಿಂದ ಗುರುತಿಸದೆ ಒಂದು ತೂತೂ ಕೊರೆಯಬೇಡಿ. ಎಳೆತದಲ್ಲಿರುವ ಕೇಬಲ್ ಕಡಿದರೆ ನಿಮ್ಮ ಜೀವಕ್ಕೂ ಅಪಾಯ, ಕಟ್ಟಡಕ್ಕೂ ಅಪಾಯ. ಮೇಸ್ತ್ರಿ ಅವಸರ ಮಾಡಿದರೂ ಈ ಒಂದು ಪ್ರಶ್ನೆ ಕೇಳುವ ಹಕ್ಕು ನಿಮ್ಮದು.

ಗ್ರಾಮ ಪಂಚಾಯಿತಿ, ತಾಲ್ಲೂಕು ಮಟ್ಟದ ಮುಖಂಡರಲ್ಲಿ ನನ್ನ ವಿನಂತಿ ಇದು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ಹೊರಡುವ ಲಾರಿಗಳ ಭಾರವನ್ನು ಹೊರುವುದು ನಮ್ಮ ಸುತ್ತಲಿನ ಸೇತುವೆಗಳೇ. ನಮ್ಮ ಭಾಗದಲ್ಲಿ ಹೊಸ ಸೇತುವೆ ಬಂದಾಗ ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರಿರಬೇಕು ಎಂದು ಚರ್ಚೆ ಮಾಡುತ್ತೇವೆ. ಅದರ ಜೊತೆಗೆ ಎರಡು ಕಾಗದ ಕೇಳೋಣ: ಒಂದು, ಯಾವ ಕೇಬಲ್ ಎಷ್ಟು ಎಳೆದರು, ಎಷ್ಟು ಹಿಗ್ಗಿತು ಎಂಬ ದಾಖಲೆ, ಇನ್ನೊಂದು, ಯಾವ ದಿನ ಎಷ್ಟು ಚೀಲ ಗ್ರೌಟು ಯಾವ ಕೊಳವೆಗೆ ತುಂಬಿದರು ಎಂಬ ದಾಖಲೆ. ಇವೆರಡನ್ನೂ ಸೇತುವೆ ಇರುವಷ್ಟು ಕಾಲ ಇಲಾಖೆ ಜೋಪಾನ ಮಾಡಬೇಕು. ಸೇತುವೆಯ ಮೇಲಿನ ನೀರು ಹೋಗುವ ಕೊಳವೆ ಕಟ್ಟಿಕೊಂಡಿದ್ದರೆ, ಅಂಕಣಗಳು ಸೇರುವ ಸಂದಿಯಲ್ಲಿ ನೀರು ಸೋರುತ್ತಿದ್ದರೆ, ಕೆಳಗೆ ಕಂದು ಬಣ್ಣದ ಕಲೆ ಇಳಿದಿದ್ದರೆ ಕೂಡಲೇ ದೂರು ಕೊಡಬೇಕು. ಕೇಬಲ್ಲಿಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ, ಮತ್ತು ನೀರನ್ನು ತಡೆಯುವುದು ಅಗ್ಗದ ಕೆಲಸ.

ಕೊನೆಯದಾಗಿ ಗ್ರೌಟಿಂಗ್ ಮಾಡುವ ಕೈಗಳ ಬಗ್ಗೆ. ಆಂಧ್ರದಿಂದ, ಒಡಿಶಾದಿಂದ, ಜಾರ್ಖಂಡಿನಿಂದ, ನಮ್ಮದೇ ಹಳ್ಳಿಗಳಿಂದ ಬಂದ ಹುಡುಗರು ರಾತ್ರಿ ಹೊತ್ತು ಪಂಪಿನ ಬಳಿ ನಿಂತು ಈ ಕೆಲಸ ಮಾಡುತ್ತಾರೆ. ಅವರಿಗೆ ನೀರಿನ ಅಳತೆ ಯಾಕೆ ಮುಖ್ಯ ಎಂದು ಅವರ ಭಾಷೆಯಲ್ಲಿ ಹೇಳಿಕೊಡುವವರು ಬೇಕು, ತರಬೇತಿ ಬೇಕು, ತರಬೇತಿ ಪಡೆದವರಿಗೆ ಅದಕ್ಕೆ ತಕ್ಕ ಕೂಲಿ ಬೇಕು. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವೈರಿಂಗ್, ವೆಲ್ಡಿಂಗ್ ಕಲಿಸುವಂತೆ ಕೇಬಲ್ ಎಳೆಯುವುದನ್ನೂ ಗ್ರೌಟ್ ತುಂಬುವುದನ್ನೂ ಒಂದು ಕಸುಬಾಗಿ ಕಲಿಸಿದರೆ, ಕೋಲಾರದ ಮಕ್ಕಳಿಗೆ ಉದ್ಯೋಗವೂ ಸಿಗುತ್ತದೆ, ನಾಡಿನ ಸೇತುವೆಗಳಿಗೆ ಬಾಳಿಕೆಯೂ ಬರುತ್ತದೆ. ಫ್ರೇಸಿನೆ ಕೊಟ್ಟ ಲೆಕ್ಕ ನಮ್ಮ ಬಳಿ ಇದೆ, ಗಟ್ಟಿ ಉಕ್ಕು ಇದೆ, ಜಾಕ್ ಇದೆ, ನಿಯಮಾವಳಿ ಇದೆ. ಇನ್ನು ಬೇಕಾಗಿರುವುದು ಯಾರೂ ನೋಡದ ಹೊತ್ತಿನಲ್ಲೂ ಅಳತೆ ತಪ್ಪದ ಕೆಲಸ, ಮತ್ತು ಅಂಥ ಕೆಲಸಗಾರರನ್ನು ಗೌರವದಿಂದ ನಡೆಸಿಕೊಳ್ಳುವ ನಾವು.